ನನ್ನ ನಾಣ್ಯಕ್ಕೆ ಹದಿನೆಂಟು ಅಂಕ ಜಾಸ್ತಿ

ನಾಣ್ಯ ಸಂಗ್ರಹಿಸುವವರ ಲೋಕದಲ್ಲಿ ‘ಗುಡ್’ ಅಂದರೆ ಕೆಟ್ಟದ್ದು. ಇಷ್ಟು ತಿಳಿಯೋಕೆ ನನಗೆ ಎರಡು ವಾರ ಹಿಡಿಯಿತು. ಸವೆತ ನೋಡಿ ನಾಣ್ಯಕ್ಕೆ ಕೊಡುವ ಗ್ರೇಡಿನಲ್ಲಿ 70ಕ್ಕೆ 4 ಅಂಕ ಬಂದರೆ ‘ಗುಡ್’. ಮುಖವೆಲ್ಲ ಸವೆದು ಚಪ್ಪಟೆಯಾಗಿ, ಇಲ್ಲಿ ಒಂದು ಕಾಲಕ್ಕೆ ಕಣ್ಣು ಮೂಗು ಇದ್ದವು ಅಂತ ನಂಬಿಕೊಂಡು ಮುಂದೆ ಹೋಗಬೇಕಾದ ನಾಣ್ಯ ಅದು. 8 ಬಂದರೆ ‘ವೆರಿ ಗುಡ್’. 12ಕ್ಕೆ ‘ಫೈನ್’. ಶಾಲೆಯಲ್ಲಿ ಲೆಕ್ಕದಲ್ಲಿ ನನಗೆ ಬರುತ್ತಿದ್ದ ಅಂಕಗಳೂ ಹೆಚ್ಚುಕಮ್ಮಿ ಇದೇ ಆಸುಪಾಸು. ಆಗ ಯಾರೂ ವೆರಿ ಗುಡ್ ಅನ್ನಲಿಲ್ಲ.

ಈ ಗೀಳು ಹಚ್ಚಿದ್ದು ನನ್ನ ಗೆಳೆಯ. ಅಮೆರಿಕದ ಹಳೇ ಬೆಳ್ಳಿ ನಾಣ್ಯವೊಂದನ್ನು ಕೈಗಿಟ್ಟ. 1889ರ ಮಾರ್ಗನ್ ಡಾಲರ್. 38 ಮಿಲಿಮೀಟರ್ ಅಗಲ, 26 ಗ್ರಾಂ ದಾಟುವ ತೂಕ. ಅಂಗೈಯಲ್ಲಿಟ್ಟರೆ ಏನೋ ಇದೆ ಅನ್ನಿಸುತ್ತದೆ. ಜೊತೆಗೆ ಗ್ರೇಡ್ ಗುರುತಿಸೋದನ್ನ ಕಲಿಸುವ ಒಂದು ಚಿತ್ರಗಳ ಕೈಪಿಡಿಯನ್ನೂ ಕೊಟ್ಟ. ಒಂದೊಂದು ಬಗೆಯ ನಾಣ್ಯಕ್ಕೂ ಒಂದು ಸಾಲು ಫೋಟೋ. ಎಡಗಡೆ ಪೂರ್ತಿ ಸವೆದದ್ದು, ಬಲಗಡೆ ಈಗಷ್ಟೇ ಟಂಕಸಾಲೆಯಿಂದ ಬಿದ್ದಂಥದ್ದು.

“ನಿನ್ನ ನಾಣ್ಯ ಪಕ್ಕದಲ್ಲಿಟ್ಕೋ. ಯಾವ ಚಿತ್ರದ ಹಾಗಿದೆ ನೋಡು. ಅಷ್ಟೇ ಕಣೋ” ಅಂದ.

ಈ ‘ಅಷ್ಟೇ’ ಅನ್ನೋ ಪದವನ್ನು ನಂಬಿ ಹಾಳಾದವರು ಎಷ್ಟು ಜನವೋ.

ನಾನು ನೇರವಾಗಿ ಬಲಗಡೆಯಿಂದ ಶುರು ಮಾಡಿದೆ. ತನ್ನ ನಾಣ್ಯವನ್ನು ಯಾರು ತಾನೇ ಎಡಗಡೆಯಿಂದ ಹುಡುಕುತ್ತಾರೆ? ಟ್ಯೂಬ್‌ಲೈಟ್ ಕೆಳಗೆ ಕೂತು, ಕೈಪಿಡಿಯಲ್ಲಿ ತಟ್ಟೆಯಷ್ಟು ದೊಡ್ಡದಾಗಿ ಅಚ್ಚಾಗಿದ್ದ ಫೋಟೋ ನೋಡಿ, ಆಮೇಲೆ ಕೈಯಲ್ಲಿದ್ದ ನಾಣ್ಯ ನೋಡಿ, ‘ಅರೆ, ನನ್ನದರಲ್ಲಿ ಗೀರುಗಳೇ ಇಲ್ವಲ್ಲ!’ ಅಂತ ಬೀಗಿದೆ. ಫೋಟೋ ದೊಡ್ಡದಿತ್ತು, ಅದಕ್ಕೇ ಗೀರು ಕಾಣುತ್ತಿತ್ತು. ನಾಣ್ಯ ಚಿಕ್ಕದಿತ್ತು, ನನಗೆ ಚಾಳೀಸೂ ಬಂದಿತ್ತು. ಭೂತಗನ್ನಡಿ ಹಿಡಿದ ಕೂಡಲೇ ನಾಣ್ಯದಲ್ಲಿದ್ದ ಹೆಂಗಸಿನ ಕೆನ್ನೆಯ ಮೇಲೆ ಜೀಬ್ರಾದಷ್ಟು ಪಟ್ಟೆ ಕಂಡವು. ಭೂತಗನ್ನಡಿಯನ್ನು ಪಕ್ಕಕ್ಕಿಟ್ಟೆ. 58 ಅಂತ ಪುಸ್ತಕದಲ್ಲಿ ಬರೆದುಕೊಂಡೆ. 58 ಅಂದರೆ ಚಲಾವಣೆಗೆ ಹೋಗಿದೆ ಅಂತ ಹೇಳಲು ಮನಸ್ಸೇ ಬಾರದಷ್ಟು ಕಡಿಮೆ ಸವೆತ. 60ರಿಂದ ಮೇಲಿನದಕ್ಕೆಲ್ಲ ಸವೆತವೇ ಇರಬಾರದು. ಅಲ್ಲಿಗೂ ಒಂದು ಕೈ ನೋಡೋಣ ಅನ್ನಿಸಿತ್ತು. ವಿನಯ ಅಡ್ಡ ಬಂತು.

ಅಂದ ಹಾಗೆ ಆ ಕೆನ್ನೆ ಅನ್ನಾ ವಿಲಿಯಮ್ಸ್ ಎಂಬಾಕೆಯದು. ಈ ನಾಣ್ಯದ ಚಿತ್ರ ಕೆತ್ತಿದ ಜಾರ್ಜ್ ಮಾರ್ಗನ್ ಎದುರು 1876ರಲ್ಲಿ ರೂಪದರ್ಶಿಯಾಗಿ ಕೂತಿದ್ದರು. ಫಿಲಡೆಲ್ಫಿಯಾದವರು, ಟೀಚರ್. ಮಕ್ಕಳಿಗೆ ಅಂಕ ಕೊಟ್ಟ ಟೀಚರಮ್ಮನ ಕೆನ್ನೆಗೆ ಈಗ ನಾವು ಕೂತು ಅಂಕ ಕೊಡುತ್ತಿದ್ದೇವೆ.

ಮುಂದಿನ ಎಡವಟ್ಟು ತಾಮ್ರದ್ದು. ನನ್ನ ಹತ್ತಿರ ಒಂದು ಹಳೇ ಲಿಂಕನ್ ಸೆಂಟ್ ಇತ್ತು, ಲಿಂಕನ್ ಮುಖವಿರುವ ಅಮೆರಿಕದ ಒಂದು ಸೆಂಟಿನ ನಾಣ್ಯ. ಕಾಫಿ ಬಣ್ಣಕ್ಕೆ ತಿರುಗಿತ್ತು. ಕೈಪಿಡಿಯ ಬಲತುದಿಯ ಚಿತ್ರದಲ್ಲಿ ಅದೇ ಸೆಂಟ್ ಕೆಂಪಗೆ ಮಿರಮಿರ ಅನ್ನುತ್ತಿತ್ತು. ಬಣ್ಣ ಒಂದು ಸರಿಹೋದರೆ ನಾಲ್ಕು ಮನೆ ಬಲಕ್ಕೆ ಹಾರಬಹುದಲ್ಲ ಅಂತ ಲೆಕ್ಕ ಹಾಕಿದೆ. ಟೂತ್‌ಪೇಸ್ಟ್ ಹಚ್ಚಿ, ಹಳೇ ಬ್ರಷ್ಷಿನಲ್ಲಿ ಐದು ನಿಮಿಷ ಉಜ್ಜಿದೆ. ಸೆಂಟ್ ಗುಲಾಬಿ ಬಣ್ಣಕ್ಕೆ ಬಂತು. ಕೆಂಪಲ್ಲ, ಗುಲಾಬಿ. ಬಿಸಿಲಿಗೆ ಚರ್ಮ ಸುಲಿದ ಮೂಗಿನ ಥರ.

ಗೆಳೆಯ ಅದನ್ನು ಅಂಚಿನಲ್ಲಿ ಹಿಡಿದು ಒಂದು ನಿಮಿಷ ಸುಮ್ಮನೆ ನೋಡಿದ.

“ಏನು ಹಚ್ಚಿದೆ?”

“ಟೂತ್‌ಪೇಸ್ಟ್.”

“ಒಳ್ಳೇದಾಯ್ತು ಬಿಡು. ಲಿಂಕನ್‌ಗೆ ಇನ್ನು ಬಾಯಿ ವಾಸನೆ ಬರಲ್ಲ.”

ಉಜ್ಜಿದ ನಾಣ್ಯಕ್ಕೆ ಗ್ರೇಡ್ ಕೊಡುವ ಸಂಸ್ಥೆಗಳು ಸಾಮಾನ್ಯವಾಗಿ ಅಂಕವನ್ನೇ ಕೊಡುವುದಿಲ್ಲ. ‘ತೊಳೆದಿದ್ದಾರೆ’ ಅಂತ ಚೀಟಿ ಹಚ್ಚಿ ವಾಪಸ್ ಕಳಿಸುತ್ತಾರೆ. ಅಂದರೆ ನಾಲ್ಕು ಮನೆ ಬಲಕ್ಕೆ ಹಾರಲು ಹೋದವನು ಸಾಲಿನಿಂದಲೇ ಆಚೆ ಬಿದ್ದಿದ್ದೆ. ನೂರು ವರ್ಷ ಕೂತು ಕಂದುಬಣ್ಣ ಕಟ್ಟಿಕೊಂಡ ತಾಮ್ರ. ಅದನ್ನು ಐದು ನಿಮಿಷದಲ್ಲಿ ಸುಲಿದಿದ್ದೆ.

ಬೆಳ್ಳಿಯ ವಿಷಯದಲ್ಲೂ ಅದೇ ಗೆಳೆಯ ನನ್ನ ಕಿವಿ ಹಿಂಡಿದ. ಅವನ ಇನ್ನೊಂದು ಮಾರ್ಗನ್ ಡಾಲರನ್ನು ನನಗೆ ಪರೀಕ್ಷೆಗೆ ಕೊಟ್ಟಿದ್ದ. ಕೈಪಿಡಿ ಹೇಳಿದ ಜಾಗವನ್ನೇ ಮೊದಲು ನೋಡಿದೆ. ಕಿವಿಯ ಮೇಲಿನ ಕೂದಲು. ಈ ನಾಣ್ಯದಲ್ಲಿ ಮೊದಲು ಸವೆಯೋ ಉಬ್ಬುಗಳಲ್ಲಿ ಅದೂ ಒಂದು. ಅಲ್ಲಿ ಎಳೆಗಳೇ ಇಲ್ಲ, ನುಣ್ಣಗೆ ಚಪ್ಪಟೆ. “45, ಅದೂ ಕೈ ಬಿಚ್ಚಿ ಕೊಟ್ಟಿದ್ದೀನಿ” ಅಂದೆ.

ಅವನು ಟ್ಯೂಬ್‌ಲೈಟ್ ಆರಿಸಿದ. ಟೇಬಲ್ ಮೇಲೆ ಒಂದೇ ಒಂದು ಬಲ್ಬ್ ಹಚ್ಚಿದ. ನಾಣ್ಯವನ್ನು ಅದರ ಕೆಳಗೆ ಹಿಡಿದು ಮೆಲ್ಲಗೆ ಓರೆ ಮಾಡಿ ತಿರುಗಿಸಿದ. ನಾಣ್ಯದ ಮೇಲೆ ಬೆಳಕಿನ ಎರಡು ಕಡ್ಡಿಗಳು ಎದ್ದು, ಗಾಡಿ ಚಕ್ರದ ಹಾಗೆ ಸುತ್ತತೊಡಗಿದವು. ಅಚ್ಚು ಬಿದ್ದಾಗ ಲೋಹ ಹರಿದ ಸಣ್ಣ ಸಣ್ಣ ಗೆರೆಗಳು ಬೆಳಕಿಗೆ ಹೀಗೆ ಆಡುತ್ತವಂತೆ. ಸವೆದ ಜಾಗಕ್ಕೆ ಬಂದರೆ ಆ ಬೆಳಕು ಮಂಕಾಗಿ ನಿಲ್ಲುತ್ತದೆ. ಇಲ್ಲಿ ನಿಲ್ಲಲಿಲ್ಲ. ಚಪ್ಪಟೆ ಕೂದಲ ಮೇಲೂ ಸಲೀಸಾಗಿ ಹಾದು ಹೋಯಿತು.

“ಸವೆದಿಲ್ಲ ಮಾರಾಯ. ಅಚ್ಚೇ ಸರಿಯಾಗಿ ಬಿದ್ದಿಲ್ಲ. ಹಿಂದೆ ತಿರುಗಿಸಿ ನೋಡು, ಸಣ್ಣದೊಂದು ಇಂಗ್ಲಿಷ್ ‘ಓ’ ಅಕ್ಷರ ಇದೆ. ನ್ಯೂ ಆರ್ಲಿಯನ್ಸ್ ಟಂಕಸಾಲೆ. ಅಲ್ಲಿಯ ಎಷ್ಟೋ ನಾಣ್ಯಗಳ ಹಣೆಬರಹವೇ ಇದು.”

ಹುಟ್ಟಿನಿಂದಲೇ ಕೂದಲು ತೆಳ್ಳಗಿರುವವನನ್ನು ನೋಡಿ ‘ಪಾಪ, ವಯಸ್ಸಾಯ್ತು’ ಅಂದ ಹಾಗಾಗಿತ್ತು ನನ್ನ ಕಥೆ. ಫೋಟೋ ಅಲ್ಲಾಡುವುದಿಲ್ಲ, ಅದೇ ತೊಂದರೆ. ಎಲ್ಲಿ ನೋಡಬೇಕು ಅಂತ ತೋರಿಸುತ್ತದೆ, ಬೆಳಕು ಹೇಗೆ ಓಡಬೇಕು ಅಂತ ತೋರಿಸಲಾರದು. ಸವೆದ ನಾಣ್ಯಗಳಿಗೆ ಕೈಪಿಡಿಯಂಥ ಗುರು ಇಲ್ಲ, ಅದನ್ನು ಒಪ್ಪುತ್ತೇನೆ. 60 ದಾಟಿದ ಮೇಲೆ ಮಾತ್ರ ಅದು ಕೈ ಎತ್ತುತ್ತದೆ. 63, 64, 65 ಅಂತ ಪಕ್ಕಪಕ್ಕ ಇಟ್ಟ ಮೂರು ಫೋಟೋಗಳನ್ನು ನಾನು ಅರ್ಧ ಗಂಟೆ ನೋಡಿದ್ದೇನೆ. ತ್ರಿವಳಿ ಮಕ್ಕಳ ಫೋಟೋ ಅಂದಿದ್ದರೂ ನಂಬುತ್ತಿದ್ದೆ.

ಅಷ್ಟಕ್ಕೂ ಈ 70 ಅನ್ನೋ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞ 1949ರಲ್ಲಿ ತಂದದ್ದು. ಅಮೆರಿಕದ ಹಳೇ ದೊಡ್ಡ ತಾಮ್ರದ ಸೆಂಟ್‌ಗಳಿಗೆ ಅಂತ ಮಾಡಿದ. 70ರ ನಾಣ್ಯಕ್ಕೆ 1ರ ನಾಣ್ಯದ ಎಪ್ಪತ್ತರಷ್ಟು ಬೆಲೆ ಅನ್ನೋದು ಲೆಕ್ಕ. ಬೆಲೆಯ ಆ ಲೆಕ್ಕ ಯಾವತ್ತೋ ಕೆಟ್ಟಿತು, ಸಂಖ್ಯೆ ಮಾತ್ರ ಉಳಿಯಿತು. ಇದೇ ಮನುಷ್ಯ ಜನರ ಮೈಕಟ್ಟಿಗೂ 1ರಿಂದ 7ರವರೆಗೆ ಅಂಕ ಕೊಡುತ್ತಿದ್ದ, ಅದು ಬೇರೆ ಮಾತು. ತಮಾಷೆ ಏನಪ್ಪಾ ಅಂದರೆ, ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಎಂಬ ನಾಣ್ಯಶಾಸ್ತ್ರ ಸಂಸ್ಥೆಯ ಸಂಗ್ರಹದಿಂದ ಒಳ್ಳೇ ಸೆಂಟ್‌ಗಳನ್ನು ಎತ್ತಿ, ಆ ಜಾಗದಲ್ಲಿ ತನ್ನ ಕಡಿಮೆ ದರ್ಜೆಯವನ್ನು ಇಟ್ಟು ಬಂದಿದ್ದ. ಅವನು ತೀರಿಕೊಂಡದ್ದು 1977ರಲ್ಲಿ, ಈ ಕೈಚಳಕ ಬಯಲಾದದ್ದು ಆಮೇಲೆ. ಅವನು ಕೂಡ ತನ್ನ ನಾಣ್ಯ ಬಲಗಡೆ ಇರಲಿ ಅಂತಲೇ ಬಯಸಿದ. ಟೂತ್‌ಪೇಸ್ಟ್ ಒಂದು ಮುಟ್ಟಲಿಲ್ಲ.

ಇಷ್ಟೆಲ್ಲ ಆದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂದಿತ್ತು. ಮನೆಯಲ್ಲಿ ಕಂಡದ್ದಕ್ಕೆಲ್ಲ ಗ್ರೇಡ್ ಕೊಡುತ್ತಿದ್ದೆ. ಬಾಗಿಲ ಹಿಡಿ 20, ಚಮಚ 35. ಹೆಂಡತಿ “ನಿಮ್ಮ ನೆತ್ತಿಗೆ ಎಷ್ಟು?” ಅಂತ ಕೇಳಿದ ದಿನ ನಿಲ್ಲಿಸಿದೆ. ಅವಳು ಅಚ್ಚು ಸರಿಯಾಗಿ ಬಿದ್ದಿಲ್ಲ ಅನ್ನೋ ವಾದವನ್ನು ಒಪ್ಪಲಿಲ್ಲ.

ಕೊನೆಗೆ ಪರೀಕ್ಷೆ ಇಟ್ಟವಳು ಮಗಳು. ಗೆಳೆಯನ ಹತ್ತಿರದಿಂದ ನಾಲ್ಕು ಮಾರ್ಗನ್ ಡಾಲರ್ ತಂದಳು, ಎಲ್ಲ ಪ್ಲಾಸ್ಟಿಕ್ ಡಬ್ಬಿಗಳಲ್ಲಿದ್ದವು. ಅಂಥದೇ ಡಬ್ಬಿಗೆ ನನ್ನದನ್ನೂ ಹಾಕಿ ಸಾಲಾಗಿ ಇಟ್ಟಳು, ಹದ್ದಿನ ಚಿತ್ರವಿರುವ ಹಿಂಬದಿ ಮೇಲಾಗಿ. ಇಸವಿ ಇರೋದು ಮುಖದ ಕಡೆ, ಹಾಗಾಗಿ ಗುರುತು ಹಿಡಿಯೋ ಹಾಗಿರಲಿಲ್ಲ. ಅಲ್ಲದೆ ನಾನು ಇಷ್ಟು ದಿನವೂ ಟೀಚರಮ್ಮನ ಮುಖ ನೋಡಿಯೇ ಖುಷಿಪಟ್ಟಿದ್ದೆ, ನನ್ನ ಹದ್ದನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಒಂದೇ ಬಲ್ಬ್, ಭೂತಗನ್ನಡಿ, ಕೈಪಿಡಿ. ಗಂಭೀರವಾಗಿ ಕೂತು ಬರೆದೆ. ಮೂರನೆಯದಕ್ಕೆ ಬಂದಾಗ ಮುಖ ಕಿವುಚಿದೆ. “40. ಹದ್ದಿನ ಎದೆಯ ಗರಿ ಚಪ್ಪಟೆ, ಅಲ್ಲಿ ಬೆಳಕು ನಿಲ್ಲುತ್ತೆ. ಸವೆತವೇ, ಅನುಮಾನ ಬೇಡ. ಇಟ್ಟುಕೊಂಡವರಿಗೆ ಕಣ್ಣು ಸರಿ ಇಲ್ಲ.”

“ಅಪ್ಪಾ, ಅದು ನಿಮ್ದೇ.”

ನನ್ನ ಪುಸ್ತಕದಲ್ಲಿ 58 ಅಂತ ಬರೆದದ್ದು ಅವಳಿಗೆ ಗೊತ್ತಿತ್ತು. ಪುಸ್ತಕ ಅವಳ ಕೈಯಲ್ಲೇ ಇತ್ತು.

ಡಬ್ಬಿಯನ್ನು ಮತ್ತೆ ಬೆಳಕಿಗೆ ಹಿಡಿದೆ. ಬಲ್ಬನ್ನು ಸ್ವಲ್ಪ ಎಡಕ್ಕೆ ಸರಿಸಿದೆ. ಈಗ 45 ಅನ್ನಬಹುದೇನೋ ಅನ್ನಿಸಿತು. ಇನ್ನೂ ಒಂಚೂರು ಎಡಕ್ಕೆ ಸರಿಸಿದೆ.