ಡಾಟ್ ಎಲ್‌ಟಿಡಿ ಡಾಟ್ ಯುಕೆ ಎಂಬ ಹನ್ನೆರಡು ಪೌಂಡಿನ ಮರ್ಯಾದೆ

ಬ್ರಿಟನ್ನಿನ ಇಂಟರ್ನೆಟ್ಟಿನಲ್ಲಿ ಒಂದು ವಿಐಪಿ ಕೋಣೆ ಇದೆ. ಅದರ ಹೆಸರು ಡಾಟ್ ಎಲ್‌ಟಿಡಿ ಡಾಟ್ ಯುಕೆ, ಅಂದರೆ ವೆಬ್ ವಿಳಾಸದ (ಡೊಮೇನಿನ) ಕೊನೆಗೆ ಬರುವ ಒಂದು ಬಾಲ; ಎಲ್‌ಟಿಡಿ ಅಂದರೆ ಲಿಮಿಟೆಡ್. ಕಂಡಕಂಡವರಿಗೆ ಅಲ್ಲಿ ಪ್ರವೇಶ ಇಲ್ಲ. ಕಂಪನೀಸ್ ಹೌಸ್ ಎಂಬ ಸರ್ಕಾರಿ ಕಚೇರಿಯಲ್ಲಿ ನೋಂದಣಿಯಾದ ಲಿಮಿಟೆಡ್ ಕಂಪನಿಗೆ ಮಾತ್ರ, ಅದೂ ತನ್ನ ನೋಂದಾಯಿತ ಹೆಸರಿನಲ್ಲೇ. ಪಬ್ಲಿಕ್ ಲಿಮಿಟೆಡ್ ಕಂಪನಿಗಳಿಗೆ ಪಕ್ಕದಲ್ಲೇ ಇನ್ನೊಂದು ಕೋಣೆ, ಡಾಟ್ ಪಿಎಲ್‌ಸಿ ಡಾಟ್ ಯುಕೆ. ಬೀಗದ ಕೈ 1996ರಲ್ಲಿ ಹುಟ್ಟಿದ ನಾಮಿನೆಟ್ ಎಂಬ ಸಂಸ್ಥೆಯ ಹತ್ತಿರ.

ಇಷ್ಟು ಬಂದೋಬಸ್ತು ಮಾಡಿದ ಮೇಲೆ ಒಳಗೆ ನೂಕುನುಗ್ಗಲು ಇರಬೇಕಲ್ವಾ? ಇಲ್ಲ. ಬ್ರಿಟನ್ನಿನ ಪಟ್ಟಿಯಲ್ಲಿ 50 ಲಕ್ಷಕ್ಕೂ ಜಾಸ್ತಿ ಕಂಪನಿಗಳಿವೆ. ಅವುಗಳಲ್ಲಿ ಈ ಕೋಣೆಗೆ ಬಂದವು ಕೆಲವೇ ಸಾವಿರ. ಉಳಿದವರಲ್ಲಿ ತುಂಬ ಜನ ಯಾವ ದಾಖಲೆಯನ್ನೂ ಕೇಳದ ಡಾಟ್ ಕೋ ಡಾಟ್ ಯುಕೆಯಲ್ಲಿ ಆರಾಮಾಗಿ ಕೂತಿದ್ದಾರೆ. ಅದು ಬೇಡ ಅಂದವರಿಗೆ 2014ರಿಂದ ಬರೀ ಡಾಟ್ ಯುಕೆ ಕೂಡ ಸಿಗುತ್ತಿದೆ.

ಒಳಗೆ ಹೋಗುವ ಮುಂಚೆ ಕ್ಷೌರ ಬೇರೆ ಆಗಬೇಕು. ಕಂಪನಿ ಹೆಸರು 160 ಅಕ್ಷರದವರೆಗೆ ಇರಬಹುದು ಅನ್ನುತ್ತದೆ ಕಂಪನೀಸ್ ಹೌಸ್. ಡೊಮೇನಿನಲ್ಲಿ ಎರಡು ಚುಕ್ಕಿಗಳ ನಡುವೆ 63 ಅಕ್ಷರ ಮೀರುವ ಹಾಗಿಲ್ಲ. ಆವರಣ ಚಿಹ್ನೆ, ಉದ್ಗಾರ ಚಿಹ್ನೆ, ಖಾಲಿ ಜಾಗ ಯಾವುದೂ ಒಳಗೆ ಬರುವ ಹಾಗಿಲ್ಲ. ಇಂಗ್ಲಿಷ್ ಅಕ್ಷರ, ಅಂಕಿ, ಮಧ್ಯೆ ಮಧ್ಯೆ ಅಡ್ಡಗೆರೆ, ಅಷ್ಟೇ.

ಇದು ಬರೀ ಕಾಗದದ ಮೇಲಿನ ತಾಪತ್ರಯ ಅಂದುಕೊಳ್ಳಬೇಡಿ. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ತನ್ನ ಕಂಪನಿಯ ಹೆಸರಿನಲ್ಲೇ ಎಚ್‌ಟಿಎಂಎಲ್ ಸ್ಕ್ರಿಪ್ಟಿನ ಕೋಡ್ (ವೆಬ್‌ಪುಟ ತೆರೆದ ಕೂಡಲೇ ತಾನಾಗಿ ಓಡುವ ಆಜ್ಞೆ) ತುರುಕಿಬಿಟ್ಟ. ಕಂಪನೀಸ್ ಹೌಸ್ ಸದ್ದಿಲ್ಲದೆ ಠಸ್ಸೆ ಒತ್ತಿತು. ಆಮೇಲೆ, 2020ರಲ್ಲಿ, ಈ ಹೆಸರನ್ನು ತೋರಿಸುವ ವೆಬ್‌ಸೈಟುಗಳಲ್ಲಿ ಆ ಕೋಡ್ ಓಡಿಬಿಟ್ಟರೆ ಏನು ಗತಿ ಅಂತ ಗಾಬರಿಯಾಗಿ, ಹೆಸರು ಬದಲಾಯಿಸು ಅಂತ ಗಂಟುಬಿತ್ತು. ಅವನು ಬದಲಾಯಿಸಿದ. ಹೊಸ ಹೆಸರು ‘ದಟ್ ಕಂಪನಿ ಹೂಸ್ ನೇಮ್ ಯೂಸ್ಡ್ ಟು ಕಂಟೇನ್ ಎಚ್‌ಟಿಎಂಎಲ್ ಸ್ಕ್ರಿಪ್ಟ್ ಟ್ಯಾಗ್ಸ್ ಎಲ್‌ಟಿಡಿ’, ಅಂದರೆ ಹೆಸರಿನಲ್ಲಿ ಮೊದಲು ಎಚ್‌ಟಿಎಂಎಲ್ ಸ್ಕ್ರಿಪ್ಟ್ ಇದ್ದ ಆ ಕಂಪನಿ! ಕೂತು ಎಣಿಸಿ ನೋಡಿದೆ. ಪದಗಳ ನಡುವೆ ಅಡ್ಡಗೆರೆ ಹಾಕಿದರೂ, ಕೊನೆಯ ಎಲ್‌ಟಿಡಿ ಬಿಟ್ಟು, ಇಂಗ್ಲಿಷಿನಲ್ಲಿ 56 ಅಕ್ಷರ. ವಿಐಪಿ ಕೋಣೆಯೊಳಗೆ ಧಾರಾಳವಾಗಿ ಹಿಡಿಸುತ್ತದೆ.

ಈಗ ಜಗಳದ ವಿಷಯ. ಲಂಡನ್ ಪಕ್ಕದ ಸ್ಲೌ ಊರಿನಲ್ಲಿ ನಮ್ಮ ಕಡೆಯ ಶೆಟ್ಟರೊಬ್ಬರು ಇಪ್ಪತ್ತು ವರ್ಷದಿಂದ ‘ಉಡುಪಿ ತಿಂಡಿ’ ಅಂತ ಹೋಟೆಲ್ ನಡೆಸುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಕಂಪನಿ ಗಿಂಪನಿ ಮಾಡಿಲ್ಲ, ಅವರದೇ ಸ್ವಂತ ವ್ಯಾಪಾರ. ಒಂದು ದಿನ ಯಾವನೋ ಹುಡುಗ ಲ್ಯಾಪ್‌ಟಾಪ್ ತೆಗೆದು ಉಡುಪಿ ತಿಂಡಿ ಲಿಮಿಟೆಡ್ ಅಂತ ನೋಂದಾಯಿಸಿ, ಎಲ್‌ಟಿಡಿ ಡಾಟ್ ಯುಕೆ ಹೆಸರನ್ನೂ ಎತ್ತಿಕೊಂಡು, ‘ಬೇಕಿದ್ದರೆ ಮಾರುತ್ತೇನೆ’ ಅಂತ ಶೆಟ್ಟರಿಗೆ ಮೇಲ್ ಹಾಕುತ್ತಾನೆ. ಶೆಟ್ಟರು ನಾಮಿನೆಟ್ ಬಾಗಿಲು ತಟ್ಟುತ್ತಾರೆ. ಅಲ್ಲಿ 2001ರಿಂದ ವ್ಯಾಜ್ಯ ಪರಿಹಾರದ ವ್ಯವಸ್ಥೆ ಇದೆ. ಮೊದಲು ರಾಜಿ ಪಂಚಾಯ್ತಿ, ಅದು ಪುಕ್ಕಟೆ. ರಾಜಿ ಆಗದಿದ್ದರೆ ತಜ್ಞರ ತೀರ್ಪು, ಅದಕ್ಕೆ 750 ಪೌಂಡ್, ಮೇಲೆ ವ್ಯಾಟ್. ಹುಡುಗ ಉತ್ತರವೇ ಕೊಡದೆ ಸುಮ್ನೆ ಕೂತರೆ 200 ಪೌಂಡಿನ ಸಂಕ್ಷಿಪ್ತ ತೀರ್ಪು ಸಾಕು. ಅಂದರೆ ಎದುರಾಳಿ ಬಾಯಿ ತೆರೆದರೆ ಶೆಟ್ಟರಿಗೆ ವ್ಯಾಟ್ ಬಿಟ್ಟೇ 550 ಪೌಂಡ್ ಜಾಸ್ತಿ ಖರ್ಚು.

ಗೆದ್ದರು ಅಂತಲೇ ಇಟ್ಟುಕೊಳ್ಳೋಣ. ಆಮೇಲೆ?

‘ಅಭಿನಂದನೆ ಶೆಟ್ಟರೇ, ಡೊಮೇನ್ ನಿಮ್ಮದೇ. ಕಂಪನಿ ನಂಬರ್ ಹೇಳಿ.’

‘ನನ್ನದು ಕಂಪನಿ ಅಲ್ಲ ಸ್ವಾಮಿ, ಹೋಟೆಲ್ಲು.’

‘ಹಾಗಾದರೆ ಕೊಡಕ್ಕಾಗಲ್ಲ. ಇದು ಲಿಮಿಟೆಡ್ ಕಂಪನಿಗೆ ಮಾತ್ರ.’

‘ಸರಿ, ಈಗಲೇ ಒಂದು ಕಂಪನಿ ಮಾಡ್ತೀನಿ.’

‘ಮಾಡಿ. ಆದರೆ ಉಡುಪಿ ತಿಂಡಿ ಲಿಮಿಟೆಡ್ ಅನ್ನೋ ಹೆಸರು ಆಗಲೇ ಹೋಗಿದೆ. ಆ ಹುಡುಗನ ಹತ್ತಿರ ಇದೆ.’

ಇಲ್ಲಿಂದ ಶೆಟ್ಟರ ತೀರ್ಥಯಾತ್ರೆ ಶುರು. ನಾಮಿನೆಟ್ ಇರುವುದು ಆಕ್ಸ್‌ಫರ್ಡಿನಲ್ಲಿ. ಕಂಪನೀಸ್ ಹೌಸ್ ಕಾರ್ಡಿಫ್‌ನಲ್ಲಿ. ಇನ್ನೊಬ್ಬರ ಹೆಸರಿನ ಮೇಲೆ ದುರುದ್ದೇಶದಿಂದ ಕಂಪನಿ ಕಟ್ಟಿದವರ ವಿರುದ್ಧ ದೂರು ಕೇಳಲು 2008ರಲ್ಲಿ ಹುಟ್ಟಿದ ಕಂಪನಿ ಹೆಸರುಗಳ ನ್ಯಾಯಮಂಡಳಿ ನ್ಯೂಪೋರ್ಟಿನಲ್ಲಿ. ಮಂಡಳಿ ಹುಡುಗನ ಕಂಪನಿಯ ಹೆಸರು ಬದಲಾಯಿಸಬೇಕು, ಶೆಟ್ಟರು ಆ ಖಾಲಿ ಹೆಸರಿನಲ್ಲಿ ತಮಗೆ ಬೇಡವೇ ಬೇಡವಾಗಿದ್ದ ಕಂಪನಿಯೊಂದನ್ನು ಕಟ್ಟಬೇಕು, ವರ್ಷಾವರ್ಷ ಅದರ ಲೆಕ್ಕಪತ್ರ ಒಪ್ಪಿಸುತ್ತಾ ಅಕೌಂಟೆಂಟಿಗೆ ದುಡ್ಡು ಕಟ್ಟುತ್ತಿರಬೇಕು, ಇಷ್ಟಾದರೆ ಇಡ್ಲಿ ತಿನ್ನಲು ಬರುವ ಯಾವ ಗಿರಾಕಿಯೂ ಟೈಪ್ ಮಾಡದ ಒಂದು ವಿಳಾಸ ಅವರ ಕೈಸೇರುತ್ತದೆ.

ಎರಡೂ ಕಡೆಯವರು ಸಾಚಾ ಆದರೆ ಇನ್ನೂ ಮಜಾ. ಪಿಟ್‌ಮನ್ ಹೆಸರು ನಮ್ಮ ಹಳೇ ತಲೆಮಾರಿನ ಸ್ಟೆನೋಗಳಿಗೆಲ್ಲ ಗೊತ್ತು. ಶೀಘ್ರಲಿಪಿಯ ಆ ಐಸಾಕ್ ಪಿಟ್‌ಮನ್ ಕಟ್ಟಿದ ವ್ಯಾಪಾರ ಮುಂದೆ ಭಾಗವಾಗಿ ಪುಸ್ತಕ ಹಾಕುವ ಒಂದು ಪಿಟ್‌ಮನ್, ತರಬೇತಿ ಕೊಡುವ ಇನ್ನೊಂದು ಪಿಟ್‌ಮನ್ ಆಯಿತು. ಪಿಟ್‌ಮನ್ ಡಾಟ್ ಕೋ ಡಾಟ್ ಯುಕೆ ಮಾತ್ರ ಒಂದೇ. ಮೊದಲು ಕೇಳಿದ್ದು ಪುಸ್ತಕದವರು. ನಡುವೆ ಅದು ತರಬೇತಿಯವರ ಪಾಲಾಯಿತು. ಆಮೇಲೆ ವಾಪಸ್ ಬಂತು. ತರಬೇತಿಯವರು ಕೋರ್ಟಿಗೆ ಹೋದರು, 1997ರಲ್ಲಿ ಸೋತರು. ಮೊದಲು ಬಂದವರಿಗೆ ಮೊದಲ ಆದ್ಯತೆ, ಅಷ್ಟೇ. ಇದೇ ಸೂತ್ರ ಮದುವೆ ಊಟದ ಪಂಕ್ತಿಯಲ್ಲೂ ಇದೆ, ಅದಕ್ಕೆ ಯಾರೂ ಹೈಕೋರ್ಟಿಗೆ ಹೋಗುವುದಿಲ್ಲ.

ಇರಲಿ. ಇಷ್ಟೆಲ್ಲ ಕಾವಲು ಯಾಕೆ? ಎಲ್‌ಟಿಡಿ ಡಾಟ್ ಯುಕೆ ಕಂಡರೆ ಗಿರಾಕಿಗೆ ‘ಇದು ನಿಜವಾದ ಕಂಪನಿ’ ಅನ್ನೋ ಭರವಸೆ ಬರಲಿ ಅಂತ. ಆ ‘ನಿಜವಾದ ಕಂಪನಿ’ ಹೇಗೆ ಹುಟ್ಟುತ್ತಿತ್ತು ಗೊತ್ತಾ? ಆನ್‌ಲೈನಿನಲ್ಲಿ 12 ಪೌಂಡ್ ಕಟ್ಟಿದರೆ ಸಾಕಿತ್ತು. ನಿರ್ದೇಶಕರು ಯಾರು, ಆ ಮನುಷ್ಯ ಭೂಮಿ ಮೇಲೆ ಇದ್ದಾನಾ, ಯಾರೂ ಕೇಳುತ್ತಿರಲಿಲ್ಲ. ಕೋಣೆಯ ಬಾಗಿಲಲ್ಲಿ ಪಟ್ಟಿ ನೋಡುತ್ತಿದ್ದರು ನಿಜ. ಪಟ್ಟಿಯೊಳಗೆ ಹೆಸರು ಬರೆದವರನ್ನು ನೋಡಿದವರು ಯಾರೂ ಇರಲಿಲ್ಲ.

ಇದನ್ನು ತೋರಿಸಿಕೊಡೋಣ ಅಂತ 2013ರಲ್ಲಿ ಒಬ್ಬ ಉದ್ಯಮಿ ಆಗಿನ ವಾಣಿಜ್ಯ ಸಚಿವ ವಿನ್ಸ್ ಕೇಬಲ್ ಅವರ ಹೆಸರಿನಲ್ಲೇ, ಅವರನ್ನೇ ನಿರ್ದೇಶಕರನ್ನಾಗಿ ಮಾಡಿ, ಅವರನ್ನು ಒಂದು ಮಾತೂ ಕೇಳದೆ, ಕಂಪನಿ ನೋಂದಾಯಿಸಿದ. ಕಂಪನೀಸ್ ಹೌಸ್ ಯಾರ ಖಾತೆಯ ಕೆಳಗೆ ಬರುತ್ತದೋ ಅದೇ ಸಚಿವರು! ನೋಂದಣಿ ಸಲೀಸಾಗಿ ಆಯಿತು. ಆಮೇಲೆ ಅವನೇ ಕಾಗದ ಬರೆದು ‘ನೋಡಿ ಸ್ವಾಮಿ, ಎಷ್ಟು ಸುಲಭ’ ಅಂತ ತಿಳಿಸಿದ. ಅಷ್ಟಕ್ಕೇ ಬಿಡದೆ 2016ರಲ್ಲಿ ಬೇರೆ ರಾಜಕಾರಣಿಗಳ ಹೆಸರು ಹಾಕಿ ಇನ್ನೊಂದು ಕಂಪನಿ ಮಾಡಿದ. ಸರ್ಕಾರ ಎಚ್ಚೆತ್ತಿತು. ಅವನ ಮೇಲೆಯೇ ಕೇಸು ಹಾಕಿತು. 2018ರಲ್ಲಿ ದಂಡ, ಖರ್ಚು ಎಲ್ಲ ಸೇರಿ 12 ಸಾವಿರ ಪೌಂಡಿಗೂ ಮೇಲೆ ಬಿತ್ತು. ಸುಳ್ಳು ಮಾಹಿತಿ ಕೊಟ್ಟಿದ್ದಕ್ಕೆ ಇಂಥ ಮೊದಲ ಶಿಕ್ಷೆ ಅಂತ ಸರ್ಕಾರ ಹೆಮ್ಮೆಯಿಂದ ಪ್ರಕಟಣೆ ಬೇರೆ ಹೊರಡಿಸಿತು. ಅದಕ್ಕೆ ಮುಂಚೆ ಸುಳ್ಳು ಬರೆದ ನಿಜವಾದ ಕಳ್ಳರು ಓದಿ ಸಮಾಧಾನದಿಂದ ಚಹಾ ಕುಡಿದಿರಬೇಕು.

ಬುದ್ಧಿ ಬಂದದ್ದು ನಿಧಾನಕ್ಕೆ. 2024ರ ಮೇನಲ್ಲಿ 12 ಪೌಂಡ್ ಹೋಗಿ 50 ಆಯಿತು. ನಿರ್ದೇಶಕರ ಗುರುತು ಪರಿಶೀಲನೆ ಕಡ್ಡಾಯವಾಗಿದ್ದು 2025ರ ನವೆಂಬರಿನಿಂದ. ಇತ್ತ ಯುಕೆ ಬಾಲವೇ ಇಲ್ಲದ ಬರೀ ಡಾಟ್ ಎಲ್‌ಟಿಡಿ ಎಂಬ ಡೊಮೇನೂ ಮಾರುಕಟ್ಟೆಗೆ ಬಂದು ಸುಮಾರು ವರ್ಷವಾಯಿತು. ಅದನ್ನು ಕೊಳ್ಳಲು ಯಾವ ಕಂಪನಿ ನಂಬರೂ ಬೇಡ, ಕಾರ್ಡ್ ಉಜ್ಜಿದರೆ ಮುಗಿಯಿತು. ನೋಡುವ ಗಿರಾಕಿಗೆ ಎರಡೂ ಒಂದೇ ತರ.

ನಮ್ಮಲ್ಲೂ ಈ ಪಾಠ ಆಗಿದೆ. 2005ಕ್ಕೆ ಮುಂಚೆ ಡಾಟ್ ಇನ್ ಹೆಸರು ಬೇಕಾದರೆ ದಾಖಲೆ ಹಿಡಿದು ಅಲೆಯಬೇಕಿತ್ತು, ಹಾಗಾಗಿ ಜನ ಡಾಟ್ ಕಾಮ್ ತಗೊಂಡು ಸುಮ್ಮನಾದರು. ಆಮೇಲೆ ಬಾಗಿಲು ತೆರೆದರು. ಈಗ ಮತ್ತೆ ಒಂದು ಕೋಣೆಗೆ ಬೀಗ ಬಂದಿದೆ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್‌ಗೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತು, ದೊಡ್ಡ ಬ್ಯಾಂಕುಗಳು ಹೋದವು. ಆರ್‌ಬಿಐ ಲೈಸೆನ್ಸು 12 ಪೌಂಡಿಗೆ ಸಿಗುವಂಥದ್ದಲ್ಲ, ಅಷ್ಟರ ಮಟ್ಟಿಗೆ ಈ ಬೀಗ ಗಟ್ಟಿ. ಆದರೆ ‘ನಿಮ್ಮ ಕೆವೈಸಿ ಇವತ್ತು ರಾತ್ರಿ ಬಂದ್ ಆಗುತ್ತೆ’ ಅಂತ ನಮ್ಮ ಅತ್ತೆಗೆ ವಾಟ್ಸಾಪ್ ಕಳಿಸುವವನು ಆ ಕೋಣೆಗೆ ಅರ್ಜಿಯನ್ನೇ ಹಾಕಿಲ್ಲ. ಅವನು ಒಂದು ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಇಳಿಸುವ ಫೈಲ್) ಕಳಿಸುತ್ತಾನೆ, ಪ್ರೊಫೈಲಿಗೆ ಬ್ಯಾಂಕಿನ ಲೋಗೋ ಹಾಕಿರುತ್ತಾನೆ, ‘ಅಮ್ಮಾ, ಒತ್ತಿ’ ಅನ್ನುತ್ತಾನೆ.