ಇನ್ನೊಂದು ಪಾಟಾ ಹಾಕಸ್ರಿ

ನಮ್ಮ ಕಡೆ ಜೀಪಿನ ಬಗ್ಗೆ ಏನೂ ಗೊತ್ತಿಲ್ಲ ಅನ್ನುವ ಗಂಡಸು ಸಿಗುವುದು ಕಷ್ಟ. ಹುಬ್ಬಳ್ಳಿಯ ಯಾವುದೇ ಚಹಾದಂಗಡಿ ಮುಂದೆ ಹಳೇ ಜೀಪು ನಿಲ್ಲಿಸಿ, ಇಳಿದು, ಸುಮ್ನೆ ಒಂದು ಸಲ ಬಗ್ಗಿ ಕೆಳಗೆ ನೋಡಿ. ಪಕ್ಕದಲ್ಲಿ ಇನ್ನೆರಡು ತಲೆ ಬಗ್ಗಿರುತ್ತವೆ. ಏನಾಗಿದೆ ಅಂತ ಯಾರೂ ಕೇಳುವುದಿಲ್ಲ. ನೇರವಾಗಿ ಔಷಧಿಯನ್ನೇ ಹೇಳುತ್ತಾರೆ: "ಇನ್ನೊಂದು ಪಾಟಾ ಹಾಕಸ್ರಿ, ಎಲ್ಲಾ ಸರಿ ಹೊಕ್ಕೈತಿ."

ಗಾಡಿಯ ಭಾರ ಹೊರುವ ಕಮಾನಿನ ಒಂದೊಂದು ಉಕ್ಕಿನ ಪಟ್ಟಿಯೂ ಒಂದೊಂದು ಪಾಟಾ. ಉದ್ದದ್ದು ಮೇಲೆ, ಅದರ ಕೆಳಗೆ ಗಿಡ್ಡದ್ದು, ಅದರ ಕೆಳಗೆ ಇನ್ನೂ ಗಿಡ್ಡದ್ದು. ನಡುವೆ ತೂರಿಸಿದ ಒಂದು ಸೆಂಟರ್ ಬೋಲ್ಟ್, ಆಕ್ಸಲ್‌ಗೆ ಬಿಗಿದ ಯು ಬೋಲ್ಟ್‌ಗಳು. ಕುದುರೆ ಗಾಡಿಯ ಕಾಲದಿಂದ ನಡೆದು ಬಂದ ವ್ಯವಸ್ಥೆ. ಇಷ್ಟು ಸರಳ ಇರುವುದೇ ತೊಂದರೆ. ಇಂಜಿನ್ ಬಗ್ಗೆ ಮಾತಾಡಲು ಸ್ವಲ್ಪ ತಿಳಿದಿರಬೇಕು, ಪಾಟಾ ಬಗ್ಗೆ ಎಣಿಸಲು ಬಂದರೆ ಸಾಕು.

ಅಣ್ಣಿಗೇರಿಯ ನಮ್ಮ ಕಾಕಾನ ಹತ್ತಿರ ಒಂದು ಮಹೀಂದ್ರ ಎಂಎಂ 540 ಇದೆ. ಮಹೀಂದ್ರದವರು 1947ರಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದರಲ್ಲ, ಅದೇ ವಂಶದ್ದು. ಮುಂದೆ ಹಿಂದೆ ನಾಲ್ಕೂ ಗಾಲಿಗೆ ಕಮಾನೇ. ಕಾಕಾನ ಲೆಕ್ಕದಲ್ಲಿ ಜೀಪು ಅಂದರೆ ಅದೊಂದೇ, ಉಳಿದವೆಲ್ಲ ಕಾರು. 2020ರಲ್ಲಿ ಬಂದ ಹೊಸ ಥಾರ್‌ಗೆ ನಾಲ್ಕೂ ಕಡೆ ಸುರುಳಿ ಸ್ಪ್ರಿಂಗ್ ಇದೆ ಅಂತ ಮಗ ಹೇಳಿದಾಗ, "ಅದಕ್ಕ ಪಾಟಾ ಎಲ್ಲಿ ಹಾಕ್ತಿ?" ಅಂತ ಕೇಳಿ ಚರ್ಚೆ ಮುಗಿಸಿಬಿಟ್ಟ.

ಹಾಗಂತ ಎತ್ತರದ ಆಸೆ ಬರೀ ಶೋಕಿಯಲ್ಲ. ಅಣ್ಣಿಗೇರಿ, ನವಲಗುಂದ, ರೋಣದ ಕಡೆಯ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ನೋಡಿದವರಿಗೆ ಗೊತ್ತು. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು. ಒಂದು ಮಳೆ ಬಿದ್ದರೆ ಅದೇ ಮಣ್ಣು ಚಪ್ಪಲಿ ಹಿಡಿದು ಬಿಡುವುದಿಲ್ಲ, ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಗಿಡ್ಡ ಮನುಷ್ಯನೂ ಎತ್ತರ ಆಗಿರುತ್ತಾನೆ. ಗಾಲಿಗೂ ಅದೇ ಗತಿ. ಮಣ್ಣು ಸುತ್ತಿಕೊಂಡು ಸುತ್ತಿಕೊಂಡು ಮಡ್‌ಗಾರ್ಡ್ ತುಂಬಿ, ಕೊನೆಗೆ ಗಾಲಿ ತಿರುಗುವುದನ್ನೇ ಬಿಡುತ್ತದೆ. ಆಮೇಲೆ ಕುರ್ಪಿ ಹಿಡಿದು ಕೆರೆಯುತ್ತ ಕೂಡಬೇಕು. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಜಾಗ ಜಾಸ್ತಿ ಸಿಕ್ಕರೆ ಯಾರಿಗೆ ಬೇಡ?

ಹೀಗಾಗಿ ಕಾಕಾ ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಹೋದ. ಮಿಸ್ತ್ರಿ ಜೀಪಿನ ಕೆಳಗೆ ನೋಡಿ, ಕಾಕಾನ ಮುಖ ನೋಡಿ, ಗುಜರಿ ಗುಡ್ಡೆಯಲ್ಲಿದ್ದ ಯಾವುದೋ ಸರಕು ಗಾಡಿಯ ದಪ್ಪ ಪಾಟಾ ಎಳೆದು ತಂದ. ಜೀಪಿನ ಹಳೇ ತೆಳ್ಳನೆಯವು ಕೆಲವು ಹೊರಗೆ, ಇವು ಒಳಗೆ. ಸಂಜೆ ಮನೆಗೆ ಬಂದಾಗ ಜೀಪು ಎರಡು ಇಂಚು ಎದ್ದಿತ್ತು. ಕಾಕಾ ಮೂರು ಇಂಚು ಎದ್ದಿದ್ದ. ತೆಗೆದ ಪಾಟಾ ನಮ್ಮಲ್ಲಿ ಎಂದೂ ವ್ಯರ್ಥವಾಗುವುದಿಲ್ಲ ಬಿಡಿ, ಅದು ಒಳ್ಳೆಯ ಉಕ್ಕು. ಕಮ್ಮಾರರ ಮನೆಗೆ ಹೋಗಿ ಕುಡುಗೋಲು, ಕುರ್ಪಿ ಆಗಿ ವಾಪಸ್ ಬಂತು. ಆ ಕುರ್ಪಿಯಿಂದಲೇ ಈಗ ಜೀಪಿನ ಗಾಲಿಯ ಮಣ್ಣು ಕೆರೆಯುತ್ತಾರೆ.

ಮೊದಲ ಸವಾರಿ ಗದಗಿನ ಬೀಗರ ಮನೆಗೆ. ಕಾಕು ಬೆಳಗಿನ ಜಾವ ಎದ್ದು ಕಟಕ್ ರೊಟ್ಟಿ ಮಾಡಿ, ಒಂದರ ಮೇಲೊಂದು ಪೇರಿಸಿ, ಬಿಳಿ ಪಂಚೆಯಲ್ಲಿ ಗಂಟು ಕಟ್ಟಿ ತೊಡೆ ಮೇಲೆ ಇಟ್ಟುಕೊಂಡಿದ್ದಳು. ರಸ್ತೆಯಲ್ಲಿ ಒಂದು ಚಿಕ್ಕ ತಗ್ಗು ಬಂದರೂ ಜೀಪಿನ ಹಿಂಭಾಗ ಜಿಗಿಯುತ್ತಿತ್ತು. ನಾವು ಸೀಟಿನಿಂದ ಮೇಲೆ, ಗಂಟು ತೊಡೆಯಿಂದ ಮೇಲೆ. ಬೀಗರ ಮನೆಯಲ್ಲಿ ಗಂಟು ಬಿಚ್ಚಿದರೆ ಮೇಲಿನದೊಂದು ಅರ್ಧ ರೊಟ್ಟಿ ಬಿಟ್ಟು ಉಳಿದದ್ದೆಲ್ಲ ಪುಡಿ. ಬೀಗಿತ್ತಿ ಒಂದು ಚಮಚ ತೊಗೊಂಡು ಬಂದು ಹೇಳಿದರು, "ರೊಟ್ಟಿ ಕುಟ್ಟಿ ಮುಟಗಿ ಮಾಡಾಕ ಒಳ್ಳು ಬ್ಯಾಡ ಬಿಡ್ರಿ, ನಿಮ್ಮ ಜೀಪ ಐತಲ್ಲ."

ಕಾಕಾನ ಮಗ ಧಾರವಾಡದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅವನು ಊಟ ಆದ ಮೇಲೆ ಲೆಕ್ಕ ಬಿಡಿಸಿದ. ಪಾಟಾದ ಸಂಖ್ಯೆ ಹೆಚ್ಚಾದಂತೆ ಬಿಗಿ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಆದರೆ ದಪ್ಪ ಹೆಚ್ಚಾದರೆ ಹಾಗಲ್ಲ. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. ಆರು ಮಿಲಿಮೀಟರಿನ ಪಾಟಾ ಇದ್ದ ಕಡೆ ಎಂಟು ಮಿಲಿಮೀಟರಿನದು ಹಾಕಿದರೆ ಆ ಒಂದೇ ಪಾಟಾ ಹಳೇ ಎರಡಕ್ಕಿಂತ ಬಿಗಿ. "ಅಂದ್ರ ಗಟ್ಟಿ ಆತಲ್ಲ!" ಅಂದ ಕಾಕಾ. ಅವನಿಗೆ ಇದು ಬೈಗುಳ ಅಂತ ಅನಿಸಲೇ ಇಲ್ಲ, ಸರ್ಟಿಫಿಕೇಟು ಅಂತ ಅನಿಸಿತು.

ಹುಡುಗ ಅಷ್ಟಕ್ಕೆ ಬಿಡಲಿಲ್ಲ. ಅಪ್ಪನನ್ನು ಜೀಪಿನ ಹಿಂದೆ ಕೂಡಿಸಿ, ಆಕ್ಸಲ್ ನಡುವೆ ಎರಡೂ ಗಾಲಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್ ಗುಂಡು ತೋರಿಸಿ ಕೇಳಿದ, "ಇದು ನೆಲದಿಂದ ಎಷ್ಟು ಎತ್ತರ ಐತಿ?" ಮೊದಲು ಎಷ್ಟಿತ್ತೋ ಅಷ್ಟೇ. ಹೌದು, ಕಮಾನು ಎಷ್ಟೇ ಎತ್ತರಿಸಿದರೂ ಏಳುವುದು ಚಾಸಿಯೂ ಮೇಲಿನ ಬಾಡಿಯೂ. ಆಕ್ಸಲ್ ಇರುವುದು ಗಾಲಿಯ ನಡುವೆ, ಅದು ಏಳಬೇಕಾದರೆ ದೊಡ್ಡ ಗಾಲಿಯೇ ಬೇಕು. ದಾರಿಯ ಕಲ್ಲಿಗೆ ಮೊದಲು ಬಡಿಯುವ ಗುಂಡು ಇದ್ದಲ್ಲೇ ಇತ್ತು. ಎತ್ತರ ಆದವರು ನಾವು ಮಾತ್ರ.

ಎತ್ತರ ಆದದ್ದರ ಕಷ್ಟ ಕಾಕುವಿಗೆ. ಸೀರೆ ಉಟ್ಟು ಆ ಜೀಪು ಹತ್ತುವುದು ಸಾಧ್ಯವೇ ಇರಲಿಲ್ಲ. ಬಚ್ಚಲ ಮನೆಯ ನೀಲಿ ಪ್ಲಾಸ್ಟಿಕ್ ಸ್ಟೂಲು ಜೀಪಿಗೆ ವರ್ಗವಾಯಿತು. ಮದುವೆ ಮಂಟಪದ ಎದುರು, ಓಲಗದವರು ನುಡಿಸುತ್ತಿರುವಾಗ, ಮೊದಲು ಸ್ಟೂಲು ಇಳಿಯುತ್ತದೆ, ಆಮೇಲೆ ರೇಷ್ಮೆ ಸೀರೆಯ ಕಾಕು ಇಳಿಯುತ್ತಾಳೆ. ಜನ ಓಲಗ ಬಿಟ್ಟು ಇತ್ತ ನೋಡುತ್ತಾರೆ. ವಾಪಸ್ ಹೊರಡುವಾಗ ಸ್ಟೂಲಿನ ಮೇಲೆ ಯಾರೋ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿರುತ್ತಾರೆ. ಅವರನ್ನು ಎಬ್ಬಿಸುವ ಕೆಲಸ ಪ್ರತಿ ಸಲವೂ ನನ್ನದು.

ಮುಂದಿನ ಔಷಧಿ ಉದ್ದನೆಯ ಶಾಕಲ್. ಕಮಾನಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ ಅದು. ಶಾಕಲ್ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಸುಮಾರು ಒಂದೇ ಇಂಚು, ಯಾಕೆಂದರೆ ಕಮಾನಿನ ಇನ್ನೊಂದು ತುದಿ ಇದ್ದಲ್ಲೇ ಇರುತ್ತದೆ. ಆದರೆ ಆ ಒಂದು ಇಂಚಿನ ಜೊತೆ ಮುಂದಿನ ಆಕ್ಸಲ್ ಸ್ವಲ್ಪ ಹೊರಳಿ, ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ತಿರುವು ದಾಟಿದ ಮೇಲೆ ಸ್ಟೇರಿಂಗ್ ತಾನಾಗಿ ನೇರ ಆಗುತ್ತದಲ್ಲ, ಅದು ಈ ಕ್ಯಾಸ್ಟರಿನ ಪುಣ್ಯ. ಅದು ಹೋದ ಮೇಲೆ ಜೀಪಿಗೆ ಸ್ವಂತ ಬುದ್ಧಿ ಬಂತು. ಧಾರವಾಡಕ್ಕೆ ಹೋಗುವಾಗ ಉಣಕಲ್ ಹತ್ತಿರ ರಸ್ತೆ ನಡುವೆ ಚಿಗರಿ ಬಸ್ಸಿಗೆಂದೇ ಇರುವ ದಾರಿಯ ಕಡೆಗೇ ಅದರ ಒಲವು. ಕಾಕಾ ಈ ಕಡೆ ಎಳೆಯುತ್ತಾನೆ, ಜೀಪು ಆ ಕಡೆ. ಪೇಡೆ ತರಲು ಹೋದವರು ಧಾರವಾಡ ಮುಟ್ಟುವಷ್ಟರಲ್ಲಿ ಕಾಕಾನ ಎರಡೂ ರಟ್ಟೆ ಸೋತಿದ್ದವು. ಕೊನೆಗೆ ಆಕ್ಸಲ್‌ಗೂ ಪಾಟಾಕ್ಕೂ ನಡುವೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಿನ ಕಬ್ಬಿಣದ ಬೆಣೆ ಕೂಡಿಸಿ ಕೋನ ಸರಿ ಮಾಡಿಸಿದರು. ಈ ಬೆಣೆಯ ಮಾತು ಮಿಸ್ತ್ರಿ ಮೊದಲೇ ಹೇಳಬಹುದಿತ್ತು, ಅಲ್ವಾ? ಕೇಳಿದ್ದಕ್ಕೆ, "ನೀವು ಎತ್ತರ ಅಂದ್ರಿ, ನೆಟ್ಟಗ ಅನ್ನಲಿಲ್ಲ" ಅಂದನಂತೆ.

ಪಾಟಾವನ್ನು ಆಕ್ಸಲ್ ಕೆಳಗಿನಿಂದ ಬಿಚ್ಚಿ ಆಕ್ಸಲ್ ಮೇಲೆ ಕೂಡಿಸುವ ಯೋಜನೆಯೂ ನಡುವೆ ಒಂದು ಸಲ ಬಂದಿತ್ತು. ಒಮ್ಮೆಗೇ ನಾಲ್ಕೈದು ಇಂಚು ಸಿಗುತ್ತದೆ. ಮಗ ಬೆರಳು ಮಡಚುತ್ತ ಹೋದ: ಬ್ರೇಕ್ ಪೈಪು ಸಾಲುವುದಿಲ್ಲ, ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಸ್ಟೇರಿಂಗ್ ರಾಡು ಹೊಸದಾಗಿ ಹೊಂದಿಸಬೇಕು, ಜೋರಾಗಿ ಆಕ್ಸಲರೇಟರ್ ಒತ್ತಿದರೆ ಆಕ್ಸಲ್ ತಿರುಚಿ ಪಾಟಾ ಡೊಂಕಾಗುತ್ತದೆ, ಮೇಲಾಗಿ ಗಾಡಿಯ ಮೂಲ ರೂಪ ಬದಲಿಸಲು ಬಿಡದ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಕಾಕಾ ಯಾವುದಕ್ಕೂ ಜಗ್ಗಲಿಲ್ಲ. ಕಾಕು ಅಡುಗೆ ಮನೆಯಿಂದಲೇ "ಸ್ಟೂಲ್ ಬದ್ಲಿ ಏಣಿ ತರ್ರಿ, ಇಲ್ಲಾ ನನ್ನ ಬಿಟ್ಟು ಹೋಗ್ರಿ" ಅಂದಳು. ಯೋಜನೆ ಅಲ್ಲಿಗೆ ನಿಂತಿತು.

ಇಷ್ಟರಲ್ಲಿ ಕಾಕಾ ಒಂದು ಸಂಶೋಧನೆ ಮಾಡಿದ. ಬಿಗಿ ಕಮಾನಿಗೆ ಭಾರ ಬಿದ್ದರೆ ಅದು ಬಾಗುತ್ತದೆ, ಬಾಗಿದರೆ ಕೂತವರಿಗೆ ಸುಖ. ಹತ್ತಿ ಚೀಲ ಹೇರಿದ ದಿನ ಜೀಪು ಎಷ್ಟು ನಯವಾಗಿ ಓಡಿತು ಅಂತ ಅವನೇ ಬೆರಗಾದ. ಆದರೆ ನೆಂಟರ ಮನೆಗೆ ಹೋಗುವಾಗ ಚೀಲ ಹೇರಿಕೊಂಡು ಹೋಗಲು ಆಗುತ್ತದೆಯೇ? ಆಗ ನೆನಪಾದವರು ಬ್ಯಾಡಗಿ ಮಾವಾರು.

ಮಾವಾರು ಕಾಕುವಿನ ಅಣ್ಣ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ. ನೂರಾ ಹತ್ತು ಕೇಜಿಯ ದೊಡ್ಡ ಆಳು, ಅದಕ್ಕಿಂತ ದೊಡ್ಡ ಮನಸ್ಸು. ಅವರು ಹಿಂದಿನ ಸೀಟಿನಲ್ಲಿ ಕೂತರೆ ಜೀಪು ಗಡಿಬಿಡಿ ಬಿಟ್ಟು ಗಂಭೀರವಾಗುತ್ತಿತ್ತು. ಕಾಕಾ ಅವರನ್ನು ಕರೆಯದೆ ಎಲ್ಲಿಗೂ ಹೋಗದಂತಾದ. "ಮಾವಾರ, ಮಾಗಡಿ ಕೆರಿಗೆ ಮಂಗೋಲಿಯಾದ ಬಾತು ಬಂದಾವ, ನೋಡಾಕ ಹೋಗೂಣು ಬರ್ರಿ." "ಮಾವಾರ, ಲಕ್ಕುಂಡಿ ಗುಡಿ ನೋಡಿ ಭಾಳ ದಿನ ಆತಲ್ಲ?" ಮಾವಾರಿಗೆ ಕಣ್ಣು ತುಂಬಿ ಬರುತ್ತಿತ್ತು. "ನಮ್ಮ ತಂಗಿ ಗಂಡ ಅಂದ್ರ ಬಂಗಾರ, ನಾ ಇಲ್ಲದ ಒಂದು ಹೆಜ್ಜಿ ಇಡೂದಿಲ್ಲ" ಅಂತ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದರು. ನಾವು ಹಿಂದೆ ಕೂತವರು ಸುಮ್ನೆ ಮೆತ್ತಗೆ ಹೋಗುವ ಸುಖ ಅನುಭವಿಸುತ್ತಿದ್ದೆವು. ಬಾಯಿ ಬಿಡಲು ನಮಗೇನು ಹುಚ್ಚೇ?

ಗುಟ್ಟು ರಟ್ಟಾದದ್ದು ಬೆಣ್ಣೆಹಳ್ಳದ ಕಡೆ. ಕಾಕಾ ಲಾವಣಿ, ಅಂದರೆ ಗೇಣಿಗೆ, ಹಾಕಿಕೊಂಡ ಕಡಲೆ ಹೊಲ ನೋಡಲು ಹೊರಟಿದ್ದೆವು. ಹಿಂದಿನ ದಿನ ಮಳೆಯಾಗಿತ್ತು. ಹೊಲದ ದಾರಿಯನ್ನು ನೀರು ಅಡ್ಡಡ್ಡ ಕೊರೆದಿತ್ತು. ಜೀಪು ಓರೆಯಾಗಿ ಕೊರಕಲಿಗೆ ಇಳಿಯಿತು, ನಿಂತಿತು. ಬಗ್ಗಿ ನೋಡಿದರೆ ಮುಂದಿನ ಬಲಗಾಲಿ ಗಾಳಿಯಲ್ಲಿ, ಹಿಂದಿನ ಎಡಗಾಲಿ ಗಾಳಿಯಲ್ಲಿ. ಕಾಕಾ ಆಕ್ಸಲರೇಟರ್ ಒತ್ತಿದ ಹಾಗೆಲ್ಲ ಆ ಎರಡೂ ಗಿರಗಿರ ತಿರುಗಿ ಕರಿ ಕೆಸರನ್ನು ಪಕ್ಕದ ಬದುವಿನವರೆಗೆ ಎರಚಿದವು. ನೆಲಕ್ಕೆ ಹತ್ತಿದ ಎರಡು ಗಾಲಿ ಅಲ್ಲಾಡಲಿಲ್ಲ. ಮಗ ಹಿಂದಿನಿಂದ ಪಾಠ ಶುರು ಮಾಡಿದ. ಮೆತ್ತನೆಯ ಕಮಾನಾಗಿದ್ದರೆ ಆ ಗಾಲಿ ಕೆಳಗೆ ಇಳಿದು ನೆಲ ಮುಟ್ಟುತ್ತಿತ್ತು. ಈ ಬಿಗಿ ಕಮಾನು ಇಳಿಯಲು ಕೊಡುವುದಿಲ್ಲ. ಡಿಫರೆನ್ಶಿಯಲ್ ಶಕ್ತಿಯನ್ನೆಲ್ಲ ಸುಲಭವಾಗಿ ತಿರುಗುವ ಗಾಲಿಗೇ ಬಿಟ್ಟುಕೊಡುತ್ತದೆ, ಫೋರ್ ವೀಲ್ ಹಾಕಿದರೂ ಅಷ್ಟೇ.

ಕಾಕಾ ಪಾಠ ಕೇಳುತ್ತಿರಲಿಲ್ಲ. ಕನ್ನಡಿಯಲ್ಲಿ ಮಾವಾರನ್ನು ನೋಡುತ್ತಿದ್ದ.

"ಮಾವಾರ, ಎಡಗಡೆ ಗಾಳಿ ಚಲೋ ಬರಾಕತ್ತೈತಿ. ಇತ್ತಾಗ ಕುಂಡ್ರಿ."

ಮಾವಾರು ಬಲಗಡೆಯ ಸೀಟಿನಿಂದ ಎದ್ದು ಎಡಗಡೆಗೆ ಕೂತರು. ಕಿರ್ ಅಂತ ಪಾಟಾ ಸದ್ದು ಮಾಡಿತು. ಎಡಗಾಲಿ ನಿಧಾನವಾಗಿ ಇಳಿದು ನೆಲ ಮುಟ್ಟಿತು. ಜೀಪು ಒಂದೇ ಸಲಕ್ಕೆ ಕೊರಕಲು ಹತ್ತಿ ಆಚೆ ಬಂತು.

ಸ್ವಲ್ಪ ಮುಂದೆ ಇನ್ನೊಂದು ಕೊರಕಲು. ಈ ಸಲ ಹಿಂದಿನ ಬಲಗಾಲಿ ಮೇಲೆ.

"ಮಾವಾರ, ಈಗ ಬಲಗಡೆ..."

ಮಾವಾರು ಏಳಲಿಲ್ಲ. ಒಮ್ಮೆ ಹೊರಗೆ ಬಗ್ಗಿ ತಿರುಗುವ ಗಾಲಿ ನೋಡಿದರು, ಒಮ್ಮೆ ಕಾಕಾನ ಬೆನ್ನು ನೋಡಿದರು. ಜೀವಮಾನವಿಡೀ ಚೀಲ ತೂಗಿಸಿದ ಮನುಷ್ಯ, ಲೆಕ್ಕ ಹತ್ತಲು ಎಷ್ಟು ಹೊತ್ತು? "ಚೀಲ ಆ ಕಡೀಂದ ಈ ಕಡೆ ಹಾಕಿದ್ರ ಹಮಾಲಿ ಬೀಳತೈತಿ, ಗೊತ್ತೈತಿಲ್ಲ?" ಅಂದರು. ಕಾಕಾ ಒಪ್ಪಿದ ಮೇಲೆಯೇ ಎದ್ದು ಬಲಗಡೆಗೆ ಕೂತರು. ಹಮಾಲಿಯನ್ನು ಅಣ್ಣಿಗೇರಿ ಬಸ್‌ಸ್ಟ್ಯಾಂಡ್ ಹತ್ತಿರ ಮಿರ್ಚಿ ಗಿರ್ಮಿಟ್ ರೂಪದಲ್ಲಿ, ಕೊರಕಲಿಗೊಂದು ಪ್ಲೇಟಿನಂತೆ ವಸೂಲಿ ಮಾಡಿದರು. ನಮಗೂ ಸಾಕ್ಷಿಗಳ ಪಾಲು ಸಿಕ್ಕಿತು.

ಮಾವಾರು ಬೇಜಾರು ಮಾಡಿಕೊಳ್ಳಲಿಲ್ಲ. ಆಮೇಲೂ ಕರೆದಾಗಲೆಲ್ಲ ಬಂದರು, ಜೀಪಿಗೆ ಹತ್ತುವ ಮೊದಲೇ "ಯಾವ ಕಡೆ?" ಅಂತ ಕೇಳಿ ಕೂತರು. ತೊಂದರೆ ಬಂದದ್ದು ಡಾಕ್ಟರ್ ಕಡೆಯಿಂದ. ಸಕ್ಕರೆ ಹೆಚ್ಚಾಗಿದೆ, ತೂಕ ಇಳಿಸಿ, ದಿನಾ ನಡೆಯಿರಿ ಅಂದರಂತೆ. ದಸರಾಕ್ಕೆ ಬಂದಾಗ ಮಾವಾರ ಅಂಗಿ ಜೋತಾಡುತ್ತಿತ್ತು. ಎಲ್ಲರೂ "ಹುಡುಗ ಆಗೀರಿ" ಅಂತ ಹೊಗಳಿದರು. ಕಾಕಾ ಒಬ್ಬನೇ ಮುಖ ಸಣ್ಣ ಮಾಡಿಕೊಂಡು ಕೂತಿದ್ದ. ಅವತ್ತು ಬನ್ನಿ ಕೊಡಲು ಊರೆಲ್ಲ ಸುತ್ತಿ ಬಂದಾಗ ನಮ್ಮೆಲ್ಲರ ಸೊಂಟಕ್ಕೂ ಕಾರಣ ತಿಳಿಯಿತು.

ಹಬ್ಬ ಮುಗಿದ ಮರುದಿನ ಕಾಕಾ ಹುಬ್ಬಳ್ಳಿಗೆ ಹೋಗುವಾಗ ನಾನೂ ಜೊತೆಗಿದ್ದೆ. ಗ್ಯಾರೇಜಿನಲ್ಲಿ ಮಿಸ್ತ್ರಿ ನಮ್ಮನ್ನು ನೋಡಿದ್ದೇ ಗುಜರಿ ಗುಡ್ಡೆ ಕಡೆ ನಡೆದ.

"ಹಾಕೂದಲ್ಲ," ಅಂದ ಕಾಕಾ. "ಒಂದು ಪಾಟಾ ತಗೀರಿ."

ಮಿಸ್ತ್ರಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. "ಯಾಕ್ರೀ ಸಾಹುಕಾರ್ರ, ಲೋಡ್ ಕಡಿಮಿ ಆತೇನು?"

"ಹೂಂ. ಹದಿನಾಲ್ಕು ಕೇಜಿ."

"ಮಾಲು ಯಾವುದ್ರಿ?"

"ಬ್ಯಾಡಗೀದು."