ಸರಿಯಾಗಿ ಸಾಯದ ಟೆಸ್ಟು

ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೂ ಒಂದೇ ಒಂದು ಪ್ರೋಗ್ರಾಂ ಸಾಯ್ಸೋಕೆ ಒದ್ದಾಡಿದೀನಿ, ತಲೆಬಿಸಿ ಇನ್ನೂ ಇಳಿದಿಲ್ಲ. ನಮ್ಮ ಕಂಪೈಲರ್ (ಕೋಡನ್ನ ಮಷಿನ್ ಭಾಷೆಗೆ ತಿರುಗ್ಸೋ ಪ್ರೋಗ್ರಾಂ) ಟೆಸ್ಟ್‌ಗಳಲ್ಲಿ ಒಂದಿದೆ, ಬೇಕಂತಲೇ ಇಲ್ಲೀಗಲ್ ಇನ್‌ಸ್ಟ್ರಕ್ಷನ್, ಅಂದ್ರೆ ಪ್ರೊಸೆಸರ್ ಒಪ್ಪದ ಆಜ್ಞೆ, ಓಡ್ಸಿ ಬೀಳೋದೇ ಅದರ ಕೆಲಸ. ಇಂಟೆಲ್‌ನವ್ರು ಇದಕ್ಕಂತಲೇ ಯುಡಿ2 ಅಂತ ಎರಡು ಬೈಟಿನ ಇನ್‌ಸ್ಟ್ರಕ್ಷನ್ ಇಟ್ಟಿದಾರೆ, ನಮ್ಮ ಅಕ್ರಮ-ಸಕ್ರಮ ಇದ್ದಂಗೆ, ಮ್ಯಾನ್ಯುಯಲ್‌ನಲ್ಲೇ ಬರೆದಿಟ್ಟಿರೋ ಅಕ್ರಮ. ಅದನ್ನ ಮುಟ್ಟಿದ್ರೆ ಲಿನಕ್ಸ್ ಆ ಪ್ರೋಗ್ರಾಂಗೆ 4ನೇ ಸಿಗ್ನಲ್ ಕಳ್ಸತ್ತೆ, ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಅನ್ನೋ ಸೂಚನೆ ಅದು, ಪ್ರೋಗ್ರಾಂ ಸಾಯತ್ತೆ, ಕಮಾಂಡ್ ಓಡ್ಸೋ ಶೆಲ್ ಆ 4ಕ್ಕೆ 128 ಸೇರಿಸಿ 132 ಅಂತ ಬರ್ಕೊಳತ್ತೆ. 132 ಬಂದ್ರೆ ಪಾಸ್.

ಮೊನ್ನೆ ಬಿಲ್ಡ್ ಮಷಿನ್‌ಗಳನ್ನ ಇಂಟೆಲ್‌ನಿಂದ ಆರ್ಮ್ ಅನ್ನೋ ಬೇರೆ ಜಾತಿ ಪ್ರೊಸೆಸರ್‌ಗೆ ಬದಲಾಯಿಸಿದ್ರು ನೋಡಿ, ಶುರುವಾಯ್ತು. 133! ಹಳೇ ಕಾಲದಲ್ಲಿ ಟೆಸ್ಟ್ ಬರೆದ ಪುಣ್ಯಾತ್ಮ ಬಿಲ್ಟಿನ್ ಟ್ರ್ಯಾಪ್ (ಇಲ್ಲಿ ಬೀಳ್ಸು ಅಂತ ಕಂಪೈಲರ್‌ಗೆ ಹೇಳೋದು) ಹಾಕಿ ಎದ್ದು ಹೋಗಿದಾನೆ, ಅದು ಇಂಟೆಲ್‌ನಲ್ಲಿ ಯುಡಿ2 ಆಗತ್ತೆ, ಆರ್ಮ್‌ನಲ್ಲಿ ಬಿಆರ್‌ಕೆ ಅನ್ನೋ ಬ್ರೇಕ್‌ಪಾಯಿಂಟ್ ಇನ್‌ಸ್ಟ್ರಕ್ಷನ್ ಆಗತ್ತೆ, ಅದಕ್ಕೆ ಬರೋದು 5ನೇ ಸಿಗ್ನಲ್. ಸತ್ತಿದೆ, ಡೆತ್ ಸರ್ಟಿಫಿಕೇಟ್‌ನಲ್ಲಿ ಕಾಯಿಲೆ ಹೆಸರು ಮಾತ್ರ ಬೇರೆ.

ಇದೆಲ್ಲಾ ಗೊತ್ತಾಗಿದ್ದು ಸಂಜೆಗೆ. ಅದಕ್ಕೂ ಮುಂಚೆ ನಮ್ಮ ಟೀಮಿನ ಒಬ್ಬ "ಹ್ಯಾಂಡ್ಲರ್ ಹಾಕಿ ಸಿಗ್ನಲ್ ನಂಬರ್ ಪ್ರಿಂಟ್ ಮಾಡು ಗುರು" ಅಂದ. ಹ್ಯಾಂಡ್ಲರ್ ಅಂದ್ರೆ ಸಿಗ್ನಲ್ ಬಂದಾಗ ಓಡೋ ನಮ್ಮದೇ ಕೋಡ್. ಮೊದಲು ನನ್ನ ಇಂಟೆಲ್ ಲ್ಯಾಪ್‌ಟಾಪಲ್ಲೇ ಹಾಕ್ದೆ, ಕೊನೆಗೆ ಪ್ರೋಗ್ರಾಂ ನಿಲ್ಸೋ ಎಕ್ಸಿಟ್ ಹಾಕೋದು ಮರೆತೆ. ಹ್ಯಾಂಡ್ಲರ್ ಮುಗಿದು ವಾಪಸ್ ಬರೋದು ಅದೇ ಇನ್‌ಸ್ಟ್ರಕ್ಷನ್‌ಗೆ, ಮತ್ತೆ ಸಿಗ್ನಲ್, ಮತ್ತೆ ಪ್ರಿಂಟ್, ಸ್ಕ್ರೀನ್ ತುಂಬಾ 4 4 4 4, ಫ್ಯಾನ್ ಬೇರೆ ಮಿಕ್ಸಿ ಥರ ಕೂಗಕ್ಕೆ ಶುರು.

ವರ್ಕ್ ಫ್ರಂ ಹೋಮ್ ಬೇರೆ. ಅಮ್ಮ ದೀಪ ಹಚ್ಚೋ ಹೊತ್ತಿಗೆ ಸರಿಯಾಗಿ ನಾನು ಫೋನಲ್ಲಿ ಕೂಗ್ತಿದೀನಿ: "ಸಾಯ್ತಾ ಇದೆ ಕಣೋ, ಆದ್ರೆ ಸರಿಯಾಗಿ ಸಾಯ್ತಿಲ್ಲ!"

ಅಮ್ಮ ಬೆಂಕಿಪೊಟ್ಟಣ ಹಿಡ್ಕೊಂಡೇ ಬಂದ್ಲು. "ಬಿಡ್ತು ಅನ್ನು!"

"ಅಮ್ಮ, ಅದು ಪ್ರೋಗ್ರಾಂ..."

"ಏನಾದ್ರೂ ಆಗ್ಲಿ, ದೀಪದ ಹೊತ್ತಲ್ಲಿ ಅದೇನ್ ಮಾತು. ಬಿಡ್ತು ಅನ್ನು."

"ಬಿಡ್ತು."

ಆ ಕಡೆಯಿಂದ ಅವನು "ಏನ್ ಬಿಡ್ತು? ಲೂಪ್ ಬಿಡ್ತಾ?" ಅಂತಾನೆ. ಇಲ್ಲ ಗುರು, ಕೊಲ್ಲಬೇಕು ಅಂದೆ. ಅಮ್ಮ ಮತ್ತೆ ನೋಡಿದ್ಲು. ಮತ್ತೆ ಬಿಡ್ತು. ಒಂದು ಕಾಲ್‌ನಲ್ಲಿ ಐದು ಸಲ ಬಿಡ್ತು ಅಂದಿದೀನಿ.

ಎಸ್ಸೆಲ್ಸಿವರೆಗೂ ನನ್ನ ಲೆಕ್ಕದ ಪುಸ್ತಕ ನೋಡ್ತಿದ್ದಿದ್ದು ಅಮ್ಮನೇ, ತಪ್ಪಿದ ಕಡೆ ಪೆನ್ಸಿಲ್‌ನಲ್ಲಿ ಸುತ್ತು ಹಾಕ್ತಿದ್ಲು. ಈಗ ಸ್ಕ್ರೀನ್ ಕಡೆ ಬಗ್ಗಿ ನೋಡಿ "ಕೆಂಪು ಬಂದಿದ್ಯಲ್ಲೋ" ಅಂತಾಳೆ, ಅಷ್ಟೇ. ಅದೂ ಸರಿಯಾಗೇ ಹೇಳ್ತಾಳೆ.

ಕೊನೆಗೆ ಟ್ರ್ಯಾಪ್ ತೆಗೆದು, ಆರ್ಮ್‌ಗೆ ಅಂತ ಅಸೆಂಬ್ಲಿ ಭಾಷೆಯಲ್ಲೇ ಯುಡಿಎಫ್ ಬರ್ದೆ, ಯುಡಿ2ಗೆ ಆರ್ಮ್ ಕಡೆಯ ತಮ್ಮ ಅದು. ಒಂದೇ ಸಾಲು. ರಾತ್ರಿ ಒಂಬತ್ತೂವರೆಗೆ 132 ಬಂತು, ಹಸಿರು.

ಅಮ್ಮ ಬಾಗಿಲ ಹತ್ರ ನಿಂತು ಮೆಲ್ಲಗೆ ಕೇಳಿದ್ಲು, "ಹೋಯ್ತಾ?"

"ಹೋಯ್ತಮ್ಮ."

"ಹಂಗಾದ್ರೆ ಸ್ನಾನ ಮಾಡ್ಕೊಂಡು ಊಟಕ್ಕೆ ಬಾ."